ನರ ಸಿಗದ ಮಳೆಗಾಲ

ಕಳೆದ ವಾರ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನ ಹುಡುಗಿ ನನ್ನ ಮೊಣಕೈ ಒಳಬದಿಗೆ ಸ್ಪಿರಿಟ್ ಹಚ್ಚಿದಳು. ಎರಡು ಬೆರಳಲ್ಲಿ ಅಲ್ಲಿ ಇಲ್ಲಿ ಒತ್ತಿ ನೋಡಿ, "ಆಂಟಿ, ನಿಮ್ಗೆ ನರಾನೇ ಸಿಗ್ತಿಲ್ಲ" ಅಂದಳು.

"ನರ ಅನ್ನಬೇಡಮ್ಮ," ಅಂದೆ. ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು. "ಅದು ವೇಯ್ನ್. ರಕ್ತನಾಳ ಅನ್ನು. ನರ ಬೇರೆ."

"ಎಲ್ರೂ ಹಂಗೇ ಅಂತಾರಲ್ಲ ಆಂಟಿ," ಎಂದು ಅವಳು ಇನ್ನೊಂದು ಕೈ ಕೇಳಿದಳು.

ಅವಳ ತಪ್ಪೇನಿಲ್ಲ. ಮೈಸೂರಲ್ಲಿ ಸೂಜಿ ಹಿಡಿದವರೆಲ್ಲ ಹಾಗೇ ಅನ್ನುವುದು. ಆದರೆ ಆ ಮಾತು ಮತ್ತು ಸ್ಪಿರಿಟ್ಟಿನ ವಾಸನೆ ಎರಡೂ ಒಟ್ಟಿಗೆ ಬಂದಾಗ ನಾನು ನನ್ನ ಮನೆಯ ಸೋಫಾದ ಮೇಲೆ ಇರಲಿಲ್ಲ. ಕೆಲವು ವರ್ಷದ ಹಿಂದಿನ ಒಂದು ಆಷಾಢಕ್ಕೆ ಹೋಗಿದ್ದೆ. ಆಸ್ಪತ್ರೆಯ ಹಸಿರು ಪರದೆ, ಕಿಟಕಿಯಾಚೆ ಬಿಡದೆ ಉದುರುವ ಜಡಿಮಳೆ, ಮಂಚದ ಮೇಲೆ ಅಲುಗಾಡದೆ ಮಲಗಿದ್ದ ನಾಗು.

ನಾಗು, ಅಂದರೆ ನಾಗಮ್ಮ, ನನ್ನ ಓರಗಿತ್ತಿ. ನಮ್ಮಿಬ್ಬರ ಗಂಡಂದಿರು ಅಣ್ಣತಮ್ಮಂದಿರು, ತಿ. ನರಸೀಪುರದ ಕಡೆಯ ಬೇಸಾಯದ ಮನೆಯವರು. ಸಿದ್ಧಾರ್ಥನಗರದಲ್ಲಿ ಸೈಟು ತಗೊಂಡು ಕೆಳಗೊಂದು, ಮೇಲೊಂದು ಮನೆ ಕಟ್ಟಿಸಿದರು. ಕೆಳಗೆ ನಾವು, ಮೇಲೆ ಅವರು. ಗಂಡಂದಿರಿಬ್ಬರೂ ಹೋದ ಮೇಲೆ ನಾಗು ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ತನ್ನ ಒಗ್ಗರಣೆ ಡಬ್ಬಿ ಹಿಡಿದುಕೊಂಡು ಕೆಳಗಿಳಿದು ಬಂದಳು. "ಇಬ್ರು ಮುದುಕೀರ್ಗೆ ಎರಡು ಕುಕ್ಕರ್ ಯಾಕಕ್ಕ" ಅನ್ನುವುದು ಅವಳ ವಾದ. ಹಾಗೆ ಸೇರಿದವರು ನಾವು. ಅವಳಿಗೆ ನನ್ನ ಟೋಸ್ಟು ಕಂಡರೆ ನಗು, ನನಗೆ ಅವಳ ಸೀರಿಯಲ್ಲಿನ ವಾಲ್ಯೂಮು ಕಂಡರೆ ಸಿಟ್ಟು. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದರೂ ನಾನು ಅವಳ ಕೈ ಹಿಡಿದ ನೆನಪಿಲ್ಲ. ನಮ್ಮ ಮಧ್ಯೆ ಒಂದು ಅಂತರ ಇತ್ತು. ಮಾತು ದಾಟುತ್ತಿತ್ತು, ನಾವು ದಾಟುತ್ತಿರಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಕನ್ನಡ ಮಾತಾಡಿದರೆ ಸಿಸ್ಟರ್ ಆಗ್ನೆಸ್ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ಆದರೆ ಅದೇ ಸಿಸ್ಟರ್ ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ನ್ಯೂರಾನ್ ಬರೆದರೆ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಬೇರು ಕೆದರಿದ ಗಿಡದಂಥ ಒಂದು ತಲೆ, ಅಲ್ಲಿಂದ ಹೊರಟ ಉದ್ದನೆಯ ಒಂದು ಬಾಲ. ಮುಂದೆ ನಾನೇ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಬಯಾಲಜಿ ಟೀಚರ್ ಆದಾಗಲೂ ಆ ಚಾಪ್ಟರ್ ಬಂತೆಂದರೆ ನನಗೆ ಹಬ್ಬ. ಕಾರಿಡಾರಿನಲ್ಲಿ ಚಾಕಿನಿಂದ ಕುಂಟೆಬಿಲ್ಲೆ ಮನೆ ಬರೆದು ಹುಡುಗಿಯರನ್ನು ಕುಣಿಸುತ್ತಿದ್ದೆ. ನ್ಯೂರಾನಿನ ಬಾಲದ ಮೇಲೆ ಮೈಲಿನ್ ಎನ್ನುವ ಕೊಬ್ಬಿನ ಹೊದಿಕೆ ಇದೆ, ನಡುನಡುವೆ ಸಣ್ಣ ಸಂದಿ ಇದೆ, ಸಂದೇಶ ಆ ಸಂದಿಯಿಂದ ಈ ಸಂದಿಗೆ ಹೀಗೆ ಜಿಗಿಯುತ್ತ ಓಡುತ್ತದೆ, ಅದಕ್ಕೇ ಅಷ್ಟು ವೇಗ ಎಂದು. ಎಲ್ಲ ಇಂಗ್ಲಿಷಿನಲ್ಲಿ. ನ್ಯೂರಾನ್ ನನಗೆ ಕ್ಲಾಸ್‌ರೂಮಿನ ಪದ, ನರ ಅಡುಗೆಮನೆಯ ಪದ. ಎರಡನ್ನೂ ಒಂದೇ ಕಡೆ ಇಟ್ಟು ನೋಡುವ ಪ್ರಸಂಗವೇ ಬಂದಿರಲಿಲ್ಲ.

ಆ ಆಷಾಢದಲ್ಲಿ ಬಂತು. ಯಾವುದೋ ಆರತಕ್ಷತೆಯ ಊಟ ಮಾಡಿ ಬಂದ ಮೇಲೆ ನಾಗುವಿಗೆ ನಾಲ್ಕು ದಿನ ಭೇದಿ. ಅದು ನಿಂತಿತು, ಮಜ್ಜಿಗೆ ಅನ್ನಕ್ಕೆ ಬಂದಳು, ನಾವು ಮರೆತೆವು. ಒಂದು ಶುಕ್ರವಾರ ಬೆಳಗ್ಗೆ ಬೆಟ್ಟಕ್ಕೆ ಹೋಗುವ ಜನದ ಗದ್ದಲ ರಸ್ತೆಯಿಂದ ಕೇಳುತ್ತಿತ್ತು. ನಾಗು ಜಗಲಿಯಲ್ಲಿ ಚಾಮುಂಡಿಗೆ ಕಳಿಸಲು ಮಲ್ಲಿಗೆ ಕಟ್ಟುತ್ತ ಕೂತಿದ್ದಳು.

"ಅಕ್ಕ, ಕಾಲು ಜೋಮು ಹಿಡ್ದದೆ. ಕೊಡವಿದ್ರೂ ಬುಡ್ತಿಲ್ಲ."

"ಒಂದೇ ಮಗ್ಗುಲಲ್ಲಿ ಕೂತಿದ್ದೀಯ. ಎದ್ದು ಓಡಾಡು."

"ಕೂತು ಬಂದುದ್ದಲ್ಲ ಕಣಕ್ಕ. ಆಸಿಗೆಯಿಂದ ಏಳುವಾಗ್ಲೇ ಇತ್ತು."

ಆಗ ನಾನು ಅವಳ ಕೈ ನೋಡಿದೆ. ಬಾಳೆನಾರಿಗೆ ಎರಡೆರಡು ಮೊಗ್ಗು ಜೋಡಿಸಿ, ನೋಡದೆಯೇ ಗಂಟು ಬಿಗಿಯುವ ಕೈ ಅದು. ಅವತ್ತು ಗಂಟು ಜಾರುತ್ತಿತ್ತು. ಮೊಗ್ಗು ಮಡಿಲಿಗೆ ಉದುರುತ್ತಿದ್ದವು.

ಎದುರು ಮನೆಯವರು ಬಂದು ನೋಡಿ, "ನರ ಹಿಡ್ಕೊಂಡಿರುತ್ತೆ ಕಣ್ರೀ, ಎಳ್ಳೆಣ್ಣೆ ಹಾಕಿ ನೀವಿ" ಅಂದರು. ನೀವಿದೆವು. ನಾಗುವಿನ ತಮ್ಮ ಪುಟ್ಟಸ್ವಾಮಿ ಊರಿನಿಂದ ಫೋನ್ ಮಾಡಿ, "ನಮ್ ಕಡೆ ನರ ಎಳೆಯೋರು ಅವ್ರೆ ಅಕ್ಕಾರೆ, ಎಂಥೆಂಥೋರ್ನೂ ಎದ್ದು ನಿಲ್ಲುಸ್ಬುಟ್ಟವ್ರೆ. ನಾಳೆ ಕಾರು ತತ್ತೀನಿ" ಅಂದ. ಮಾರನೆಯ ಬೆಳಗ್ಗೆ ಅವನ ಕಾರು ಬರುವ ಮೊದಲೇ ನಾಗು ಬಚ್ಚಲಮನೆಯ ಸ್ಟೂಲಿನಿಂದ ಏಳಲಾರದೆ ಕೂಗಿದಳು. ಮಹಡಿಯ ಬಾಡಿಗೆಯವರು ಇಳಿದು ಬಂದು ಎತ್ತಿ ಆಟೋದಲ್ಲಿ ಕೂರಿಸಿದರು. ಮಳೆಗೆ ಆಟೋದ ಪರದೆ ಇಳಿಬಿಟ್ಟಿದ್ದರು. ಒಳಗಿನ ಕತ್ತಲಲ್ಲಿ ಅವಳು ತನ್ನ ತೊಡೆಯನ್ನು ಕೈಯಿಂದ ಹೊಡೆದುಕೊಳ್ಳುತ್ತಿದ್ದಳು, ಮೊಂಡು ದನವನ್ನು ಎಬ್ಬಿಸುವ ಹಾಗೆ.

ನ್ಯೂರಾಲಜಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಗುವಿನ ಕಾಲು ಮಂಚದ ಅಂಚಿಗೆ ಇಳಿಬಿಟ್ಟು ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಚಿಮ್ಮಲಿಲ್ಲ. ಮತ್ತೆ ತಟ್ಟಿದರು. ಇಲ್ಲ. ನನ್ನ ಕ್ಲಾಸಿನ ಹುಡುಗಿಯರು ಬೆಂಚಿನ ಮೇಲೆ ಕೂತು ಒಬ್ಬರ ಮಂಡಿಗೊಬ್ಬರು ತಟ್ಟಿಕೊಂಡು, ಕಾಲು ತಾನಾಗಿ ಚಿಮ್ಮಿದಾಗ ಕಿಸಕ್ಕನೆ ನಗುತ್ತಿದ್ದುದು ನೆನಪಾಯಿತು. ಚಿಮ್ಮದ ಕಾಲನ್ನು ನಾನು ಯಾವತ್ತೂ ನೋಡಿರಲಿಲ್ಲ.

ಬಯಾಲಜಿ ಟೀಚರ್ ಎಂದ ಮೇಲೆ ಡಾಕ್ಟರ್ ನನಗೆ ಇಂಗ್ಲಿಷಿನಲ್ಲೇ ವಿವರಿಸಿದರು. ಭೇದಿಯ ಕ್ರಿಮಿಯನ್ನು ಹೊಡೆಯಲು ಹೊರಟ ಮೈಯ ಕಾವಲುಪಡೆ ಗುರುತು ತಪ್ಪಿ ತನ್ನದೇ ಮೈಲಿನ್ ಹೊದಿಕೆಯನ್ನು ಕಿತ್ತುಹಾಕುತ್ತಿದೆ. ಗಿಯಾನ್ ಬಾರೆ ಅಂತ ಹೆಸರು. ಕಾಲಿನಿಂದ ಮೇಲೇರುತ್ತದೆ. ಎಲ್ಲಿ ನಿಲ್ಲುತ್ತದೆ ಎಂದು ಈಗಲೇ ಹೇಳಲಾಗದು. ಉಸಿರಿನವರೆಗೆ ಬಾರದಿದ್ದರೆ ಸಾಕು. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಈ ವಯಸ್ಸಿಗೆ ನಿಧಾನ.

ನಾಗುವಿನ ಕಡೆ ತಿರುಗಿ ಕನ್ನಡದಲ್ಲಿ, "ಅಮ್ಮಾ, ನಿಮಗೆ ನರದ ಕಾಯಿಲೆ. ನಿಮ್ಮ ಮೈಯೇ ನಿಮ್ಮ ನರಗಳ ಜೊತೆ ಜಗಳಕ್ಕೆ ಬಿದ್ದಿದೆ" ಅಂದರು.

"ಯಾಕವ್ವ, ಜಗಳಾಡಕ್ಕೆ ನಮ್ಮಕ್ಕ ಇರ್ನಿಲ್ವಾ?" ಅಂದಳು ನಾಗು. ಡಾಕ್ಟರ್ ನಕ್ಕರು. ಅದಾದ ಮೇಲೆ ಬಹಳ ದಿನ ಅವಳ ಬಾಯಿಂದ ಇನ್ನೊಂದು ಹಾಸ್ಯ ಕೇಳಲಿಲ್ಲ.

ಉಸಿರು ಹೇಗಿದೆ ಎಂದು ನೋಡಲು ಒಂದೇ ಉಸಿರಿಗೆ ಎಷ್ಟಾಗುತ್ತೋ ಅಷ್ಟು ಎಣಿಸಿ ಅನ್ನುತ್ತಿದ್ದರು. ನಾಗು ಮೊದಮೊದಲು ಸಂತೆಯಲ್ಲಿ ನಿಂಬೆಹಣ್ಣು ಎಣಿಸುವ ಹಾಗೆ ಗಡಗಡ ಎಣಿಸಿದಳು. ಆಮೇಲಾಮೇಲೆ ಎಣಿಕೆ ಮೊದಲೇ ತುಂಡಾಗತೊಡಗಿತು. ಅವಳು ತುಟಿ ಅಲ್ಲಾಡಿಸುತ್ತಿದ್ದಳು, ನಾನು ಮನಸ್ಸಿನಲ್ಲಿ ಮುಂದಿನ ಸಂಖ್ಯೆ ಹೇಳುತ್ತಿದ್ದೆ, ಅದು ಹೊರಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹೊರಗೆ ಕಳಿಸಿ ಅವಳಿಗೆ ವೆಂಟಿಲೇಟರ್ ಹಾಕಿದರು. ಮುಂದೆ ಗಂಟಲಲ್ಲೇ ಸಣ್ಣ ತೂತು ಮಾಡಿ ನಳಿಕೆ ಕೂರಿಸಿದರು. ಮಾತು ಹೋಯಿತು. ಕೈಕಾಲು ಎಂದೋ ಹೋಗಿದ್ದವು. ಉಳಿದದ್ದು ಕಣ್ಣುರೆಪ್ಪೆ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ.

ಜನಕ್ಕೆ ಅರ್ಥವಾಗದ್ದು ಏನೆಂದರೆ, ಈ ಕಾಯಿಲೆಯಲ್ಲಿ ತಲೆಗೆ ಏನೂ ಆಗುವುದಿಲ್ಲ. ನೋಡಲು ಬಂದವರು ಅವಳ ಮುಂದೆಯೇ, "ಪ್ರಜ್ಞೆ ಇಲ್ವೇನೋ ಪಾಪ" ಅನ್ನುತ್ತಿದ್ದರು. ಪ್ರಜ್ಞೆ ಪೂರ್ತಿ ಇತ್ತು. ಒಳಗೆ ನಾಗು ನಾಗುವಾಗಿಯೇ ಇದ್ದಳು, ಎಲ್ಲ ಕೇಳಿಸಿಕೊಳ್ಳುತ್ತ.

ಕೇಳಿಸಿಕೊಂಡದ್ದು ಇದನ್ನು. ಐದು ದಿನದ ಡ್ರಿಪ್ಪಿನ ಔಷಧಿ, ಆಮೇಲೆ ಮತ್ತೊಂದು, ಇನ್ನೊಂದು. ಕೈ ಊದಿಕೊಂಡಿತ್ತು. ಪ್ರತಿ ಶಿಫ್ಟಿಗೂ ಒಬ್ಬೊಬ್ಬ ನರ್ಸ್ ಬಂದು ಮುಂಗೈ ತಟ್ಟಿ, ಮೊಣಕೈ ತಟ್ಟಿ, ಪಾದ ತಟ್ಟಿ ಹುಡುಕುವುದು. "ಸಿಸ್ಟರ್, ಅಜ್ಜಿಗೆ ನರಾನೇ ಸಿಗ್ತಿಲ್ಲ." "ಈ ಕಡೆ ನರ ಒಡ್ದೋಯ್ತು ನೋಡಿ." "ಇದ್ದುದ್ದೊಂದು ನರಾನೂ ಹೋಯ್ತು." ನಾನು ಪಕ್ಕದಲ್ಲೇ ಇರುತ್ತಿದ್ದೆ. ನನ್ನ ಕಿವಿ ಅದನ್ನು ತಾನೇ ವೇಯ್ನ್ ಎಂದು ತಿದ್ದಿಕೊಂಡು ಸುಮ್ಮನಾಗುತ್ತಿತ್ತು.

ಕಾಯಿಲೆ ಏರುವುದು ನಿಂತಿತು. ಉಸಿರು ತಾನಾಗಿ ಆಡತೊಡಗಿ ವಾರ್ಡಿಗೆ ತಂದರು. ಗಂಟಲ ನಳಿಕೆ ಮಾತ್ರ ಉಳಿದಿತ್ತು. ಇನ್ನು ಅವಳು ಪ್ರಯತ್ನ ಮಾಡಬೇಕು ಎಂದರು. ಫಿಸಿಯೋಥೆರಪಿಸ್ಟ್ ಒಬ್ಬ ಎತ್ತರದ ಗಂಡಸು, ತಾಳ್ಮೆಯವನು. "ಅಮ್ಮಾ, ಬೆರಳು ಅಲ್ಲಾಡದಿದ್ರೂ ಪರ್ವಾಗಿಲ್ಲ, ಅಲ್ಲಾಡ್ಸ್ಬೇಕು ಅಂತ ಮನಸ್ಸಲ್ಲೇ ಅಂದ್ಕೊಳ್ಳಿ" ಅನ್ನುತ್ತಿದ್ದ. ಅವಳು ಛಾವಣಿ ನೋಡುತ್ತಿದ್ದಳು. ಕೈ ಎತ್ತಿದರೆ ಎತ್ತಿಸಿಕೊಳ್ಳುತ್ತಿದ್ದಳು, ಬಿಟ್ಟರೆ ಬೀಳಿಸುತ್ತಿದ್ದಳು. "ಟ್ರೈ ಮಾಡ್ತಾನೇ ಇಲ್ಲ ಮೇಡಂ," ಅಂದ ಅವನು ನನ್ನನ್ನು ಪಕ್ಕಕ್ಕೆ ಕರೆದು. "ಹೀಗೇ ಬಿಟ್ರೆ ಕೀಲು ಬಿಗ್ದು ಹೋಗ್ತವೆ."

ನಾನು ಮನೆಯಿಂದ ಪೊರಕೆಯ ಒಂದು ಕಡ್ಡಿ ತಂದು ಇಟ್ಟುಕೊಂಡಿದ್ದೆ. ದಿನಾ ಬೆಳಗ್ಗೆ ಅವಳ ಮೈ ಒರೆಸಿ, ಅಂಗಾಲ ಮೇಲೆ ಆ ಕಡ್ಡಿ ಎಳೆದು, "ಗೊತ್ತಾಯ್ತಾ ನಾಗು?" ಅನ್ನುತ್ತಿದ್ದೆ. ರೆಪ್ಪೆ ಒಂದು ಸಲ ಮುಚ್ಚುತ್ತಿತ್ತು. ಹೌದು. ನನಗೆ ಅಷ್ಟೇ ದಿನದ ಸಂತೋಷ. ಸ್ಪರ್ಶ ಮರಳುತ್ತಿದೆ ಎಂದು ಡಾಕ್ಟರಿಗೂ ಹೇಳಿದೆ. ಒಂದು ಬೆಳಗ್ಗೆ ಕಡ್ಡಿ ಕೈಯಲ್ಲಿದೆ, ಕಿಟಕಿಯಿಂದ ಮಳೆ ಎರಚಲು ಬಂತು ಎಂದು ಅದನ್ನು ಮುಚ್ಚಲು ಎದ್ದೆ. ಎದ್ದವಳೇ ರೂಢಿಯಲ್ಲಿ, "ಗೊತ್ತಾಯ್ತಾ?" ಅಂದುಬಿಟ್ಟೆ. ತಿರುಗಿ ನೋಡಿದರೆ ರೆಪ್ಪೆ ಮುಚ್ಚಿ ತೆರೆಯಿತು. ಹೌದು.

ನಾನು ಅವಳ ಕಾಲಿನ ಹತ್ತಿರವೇ ಇರಲಿಲ್ಲ.

ಅಷ್ಟು ದಿನ ಅವಳು ನನ್ನ ಸಮಾಧಾನಕ್ಕೆ ರೆಪ್ಪೆ ಮುಚ್ಚಿದ್ದಳು. ಮಗುವಿಗೆ ಹೂಂಗುಟ್ಟುವ ಹಾಗೆ.

ಅದೇ ವಾರ ಪುಟ್ಟಸ್ವಾಮಿ ಬಂದ. ಒಳ್ಳೆಯವನು, ಅಕ್ಕನೆಂದರೆ ಪ್ರಾಣ. ಮಂಚದ ಪಕ್ಕ ನಿಂತು ಅವಳ ಕೂದಲು ಸವರಿ, ಹೊರಗೆ ಬಂದು ಟವೆಲಿನಲ್ಲಿ ಮುಖ ಒತ್ತಿಕೊಂಡ. "ಅಕ್ಕಾರೆ, ನೀವು ಓದ್ದೋರು. ನಂಗೇನೂ ತಿಳೀದು. ಆದ್ರೆ ಅವ್ಳ ಕಣ್ಣು ನೋಡುದ್ರೆ ಗೊತ್ತಾಯ್ತದೆ, ಅವ್ಳು ಬಾಳಕ್ಕೆ ಮನ್ಸು ಮಾಡ್ತಿಲ್ಲ. ಈ ವಾಸ್ನೇಲಿ ಯಾಕೆ ಬುಡ್ಬೇಕು. ಊರಿಗೆ ಕರ್ಕೊಂಡು ಓಯ್ತೀನಿ. ನಮ್ ತೊಟ್ಟಿಮನೇಲೇ ಮಲಿಕ್ಕಳ್ಳಿ."

ಕರೆದುಕೊಂಡು ಹೋಗುವುದು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಗಾಡಿ ತರುತ್ತೇನೆ ಎಂದ. ಬೇಡ ಅನ್ನಲು ನನಗೆ ಯಾವ ಅಧಿಕಾರ. ಒಡಹುಟ್ಟಿದವನು ಅವನು. ನಾನು ಗಂಡನ ಅಣ್ಣನ ಹೆಂಡತಿ, ಅಷ್ಟೇ.

ಡಾಕ್ಟರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅವರನ್ನೇ ಕೇಳೋಣ" ಅಂದರು. ನಳಿಕೆಯ ಬಾಯಿಗೆ ಬೆರಳು ಅಡ್ಡ ಇಟ್ಟರೆ ಗಾಳಿ ಮೇಲಕ್ಕೆ ಹೋಗಿ ಒಂದೆರಡು ಮಾತು ಬರಬಹುದು, ಕೆಲವು ಕ್ಷಣ ಮಾತ್ರ. ಅವರು ಕೈಗವಸಿನ ಬೆರಳು ಅಡ್ಡ ಇಟ್ಟರು. ನಾನು ಬಗ್ಗಿ, "ನಾಗು, ಯಾಕೆ ಪ್ರಯತ್ನ ಮಾಡ್ತಿಲ್ಲ? ಪುಟ್ಟಸ್ವಾಮಿ ಕರ್ಕೊಂಡು ಹೋಗ್ತಾನಂತೆ. ಹೋಗ್ತೀಯಾ?" ಅಂದೆ.

ಬಂದದ್ದು ದನಿಯಲ್ಲ, ಒಣಗಿದ ಎಲೆ ಉಜ್ಜಿದ ಸದ್ದು. "ನರಾನೇ ಇಲ್ವಲ್ಲಕ್ಕ."

"ಏನು?"

"ದಿನಾ ಉಡುಕ್ತಾವ್ರೆ. ಸಿಗ್ತಿಲ್ಲ. ಇದ್ದುದ್ದೂ ಒಡ್ದೋಯ್ತು ಅಂದ್ರು." ಉಸಿರು ಸಾಲದೆ ನಿಂತಳು. ಮತ್ತೆ, "ಇಲ್ದೆ ಇರೋದ್ರಲ್ಲಿ ಎಂಗೆ ಎತ್ಲಿ."

ಡಾಕ್ಟರ್ ಬೆರಳು ತೆಗೆದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನರದ ಕಾಯಿಲೆ ಎಂದು ಹೇಳಿದವರು ಅವರೇ. ನರ ಸಿಗುತ್ತಿಲ್ಲ ಎಂದು ಹೇಳುತ್ತಿದ್ದವರು ಅವರ ನರ್ಸುಗಳೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವಳು ಅವಳೊಬ್ಬಳೇ. ಅವಳ ಲೆಕ್ಕದಲ್ಲಿ ಏನು ತಪ್ಪಿತ್ತು?

ನಾನು ಅಲ್ಲೇ ಶುರುಮಾಡಿದೆ. "ಅದು ಬೇರೆ ಕಣೇ. ಅವರು ಹುಡುಕಿದ್ದು ವೇಯ್ನು. ನಿನ್ನ ಕಾಯಿಲೆ ಇರೋದು ನರ್ವಿನಲ್ಲಿ." ಅವಳ ಕಣ್ಣು ಹಾಗೇ ಇತ್ತು. "ನರಕೋಶ ಅಂತ ಇರುತ್ತೆ, ಅದರ ತಂತುವಿನ ಮೇಲೆ ಒಂದು ಪದರ..." ನನ್ನ ಕನ್ನಡ ನನ್ನ ಬಾಯಲ್ಲೇ ಪಠ್ಯಪುಸ್ತಕದ ಹಾಗೆ ಕೇಳಿ ನಾಚಿಕೆಯಾಯಿತು. ಇಷ್ಟು ವರ್ಷ ಪಾಠ ಹೇಳಿದ ಬಾಯಿ.

ಎದ್ದು ಹೊರಗೆ ಹೋದೆ. ಆಸ್ಪತ್ರೆಯ ಗೇಟಿನ ಹತ್ತಿರ ಕೊಡೆ ಕೆಳಗೆ ಹೂ ಮಾರುವಾಕೆ ಕೂತಿರುತ್ತಿದ್ದಳು. ಒಂದು ಮೊಳ ಮಲ್ಲಿಗೆ ತಂದು ನಾಗುವಿನ ಕಣ್ಣೆದುರು ಹಿಡಿದೆ.

"ಇದು ನರ ಅಂದ್ಕೋ. ಒಳಗೆ ನಾರು, ಮೇಲೆ ಹೂ, ನಡುನಡುವೆ ಸಂದಿ. ನಿನ್ನ ಸೊಂಟದಿಂದ ಕಾಲ ಹೆಬ್ಬೆರಳವರೆಗೆ ಇಂಥದ್ದು ಓಡುತ್ತೆ. ಮಧ್ಯೆ ಜೋಡಣೆ ಇಲ್ಲ, ಒಂದೇ ಕೋಶದ ಒಂದೇ ನಾರು. ಏಳು ಅನ್ನೋ ಸುದ್ದಿ ಇದರ ಮೇಲೆ ಸಂದಿಯಿಂದ ಸಂದಿಗೆ ಕುಂಟೆಬಿಲ್ಲೆ ಆಡಿದ ಹಾಗೆ ಜಿಗ್ದು ಜಿಗ್ದು ಹೋಗುತ್ತೆ." ಆಮೇಲೆ ಒಂದೊಂದೇ ಮೊಗ್ಗು ಕಿತ್ತೆ. ಅವಳ ಎದೆಯ ಮೇಲಿನ ಹೊದಿಕೆಯ ಮೇಲೆ ಬಿದ್ದವು. "ನಿನಗೆ ಆಗಿರೋದು ಇಷ್ಟೇ. ಹೂ ಉದುರಿದೆ. ಸುದ್ದಿ ಹೊರಡ್ತಾ ಇದೆ, ದಾರಿಯಲ್ಲೇ ಸೋರಿ ಹೋಗ್ತಾ ಇದೆ. ಆದ್ರೆ ನೋಡು." ಬರಿದಾದ ಬಾಳೆನಾರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. "ನಾರು ಹರ್ದಿಲ್ಲ. ಕರೆಂಟ್ ಕೊಟ್ಟು ಟೆಸ್ಟ್ ಮಾಡಿ ನೋಡಿದ್ದಾರೆ ಡಾಕ್ಟರ್. ನಾರು ಇದ್ರೆ ಮೈಯೇ ಕೂತು ಮತ್ತೆ ಹೂ ಕಟ್ಟುತ್ತೆ. ನಿಧಾನ. ನಿನ್ನಷ್ಟು ಬೇಗ ಕಟ್ಟೋಕೆ ಅದಕ್ಕೆ ಬರಲ್ಲ."

ಬಹಳ ಹೊತ್ತು ಆ ನಾರನ್ನೇ ನೋಡಿದಳು. ಆಮೇಲೆ ಕಣ್ಣು ನಳಿಕೆಯ ಕಡೆ ತಿರುಗಿಸಿದಳು, ಬೆರಳು ಇಡಿ ಎಂದು. ಅಲ್ಲೇ ನಿಂತಿದ್ದ ಡಾಕ್ಟರ್ ಇಟ್ಟರು.

"ಅಂಗಾದ್ರೆ ಅವ್ರು ಉಡುಕುದ್ದೇನು?"

"ರಕ್ತನಾಳ."

ಉಸಿರು ತೆಗೆದುಕೊಂಡು ಅಂದಳು, "ನರ, ನಾಳ, ನಾರು. ನಿಮ್ಗೆ ಬ್ಯಾರೆ ಎಸ್ರು ಸಿಗ್ನಿಲ್ವಾ."

ಡಾಕ್ಟರ್ ಮುಖ ಆಚೆ ತಿರುಗಿಸಿಕೊಂಡರು. ನಾನು ಅವಳ ಕೈ ಹಿಡಿದುಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ಅವಳಿಗೆ ಅದೂ ಗೊತ್ತಾಗಿರಲಿಲ್ಲ.

ಸೋಮವಾರ ಪುಟ್ಟಸ್ವಾಮಿ ಗಾಡಿ ತಂದ. ನಾಗು ಅವನನ್ನು ಕಂಡವಳೇ ರೆಪ್ಪೆಯನ್ನು ಎರಡು ಸಲ ಮುಚ್ಚಿದಳು, ಮತ್ತೆ ಎರಡು ಸಲ, ಮತ್ತೆ. ಅವನಿಗೆ ಅರ್ಥ ಹೇಳುವ ಅಗತ್ಯ ಬೀಳಲಿಲ್ಲ. ಗಾಡಿಯಲ್ಲಿ ತಂದಿದ್ದ ಹಾಸಿಗೆ ದಿಂಬು ನಮ್ಮ ಮನೆಗೆ ಇಳಿಸಿ ಹೋದ.

ಕಥೆಯಾಗಿದ್ದರೆ ಅಲ್ಲಿಂದ ಅವಳು ಎದ್ದು ನಡೆಯಬೇಕಿತ್ತು. ಹಾಗಾಗಲಿಲ್ಲ. ಎಷ್ಟೋ ದಿನ ಏನೂ ಆಗಲಿಲ್ಲ. ಅವಳು ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಹೆಬ್ಬೆರಳಿಗೆ ಅಪ್ಪಣೆ ಕಳಿಸುತ್ತ ಬೆವರುತ್ತಿದ್ದಳು. ಬೆರಳು ಬೇರೆ ಯಾರದೋ ಹಾಗೆ ಬಿದ್ದಿರುತ್ತಿತ್ತು. ಒಂದು ದಿನ ಅದು ನನ್ನ ಅಂಗೈಯಲ್ಲಿ, ಮೀನು ಮೂತಿ ತಾಗಿಸಿದ ಹಾಗೆ, ಒಮ್ಮೆ ಒತ್ತಿತು. ಗಂಟಲ ನಳಿಕೆ ತೆಗೆದರು, ಮಾತು ಮರಳಿತು. ಹೂ ಮತ್ತೆ ಕಟ್ಟತೊಡಗಿದ ಮೇಲೆ ಉರಿ ಶುರುವಾಯಿತು. ಕಾಲಿಗೆ ಕೆಂಡ ಸುರಿದ ಹಾಗೆ ಎಂದು ಅಳುತ್ತಿದ್ದಳು. ಹಾಸಿಗೆಯ ಬಟ್ಟೆ ತಾಗಿದರೂ ಚೀರುತ್ತಿದ್ದಳು. ಫಿಸಿಯೋದವನನ್ನು ಬೈಯುತ್ತಿದ್ದಳು. ನನ್ನನ್ನು, "ನಿಮ್ ಪಾಠ ನಂಬಿ ಕೆಟ್ಟೆ ಕಣಕ್ಕ, ಊರ್ಗೆ ಓಗಿದ್ರೆ ನೆಮ್ದಿಯಾಗಿ ಸಾಯ್ತಿದ್ದೆ" ಎಂದು ಶಪಿಸುತ್ತಿದ್ದಳು. ಕಾರಿಡಾರಿಗೆ ಬಂದು ಮಳೆ ನೋಡುತ್ತ ನಿಲ್ಲುತ್ತಿದ್ದೆ. ಉಳಿಸಿಕೊಂಡದ್ದು ಅವಳಿಗಾಗಿಯೋ ನನಗಾಗಿಯೋ ಎಂದು ಎಷ್ಟೋ ಸಲ ಅನ್ನಿಸಿದೆ. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ದಸರಾ ದೀಪ ಹಚ್ಚುವ ಹೊತ್ತಿಗೆ ಅವಳನ್ನು ಮನೆಗೆ ತಂದೆವು. ವಾಕರ್ ಹಿಡಿದು ನಿಲ್ಲುತ್ತಿದ್ದಳು. ನಿಂತು ನಡೆದಳು, ವರ್ಷವೇ ಹಿಡಿಯಿತು. ಈಗ ಕೋಲು ಸಾಕು. ಪಾದದಲ್ಲಿ ಜೋಮು ಹಾಗೇ ಉಳಿದಿದೆ. ಬೆರಳ ತುದಿಯೂ ಪೂರ್ತಿ ಬರಲಿಲ್ಲ. ಹೂ ಕಟ್ಟುತ್ತಾಳೆ, ಗಂಟು ಬಿಗಿಯಲು ಬರುವುದಿಲ್ಲ. ಅವಳು ಕಟ್ಟಿದ್ದನ್ನು ಮುಡಿದು ಹೊರಟರೆ ಗೇಟಿನ ತನಕ ಮೊಗ್ಗು ಉದುರುತ್ತವೆ. ನಾನು ಮುಡಿಯುವುದನ್ನು ಬಿಟ್ಟಿಲ್ಲ.

ಲ್ಯಾಬಿನ ಹುಡುಗಿಗೆ ಎಡಗೈಯಲ್ಲಿ ಸಿಕ್ಕಿತು. ಹತ್ತಿ ಒತ್ತಿ, ನನ್ನ ಕೈ ಮಡಿಸಿ ಕೂರಿಸಿ ಹೋದಳು. ಅಡುಗೆಮನೆಯಿಂದ ಕೋಲಿನ ಸದ್ದು ಬಂತು.

"ಏನು ಟೆಸ್ಟಕ್ಕ?"

"ಸುಮ್ನೆ, ರೊಟೀನು. ವಯಸ್ಸಾಯ್ತಲ್ಲ."

ರೊಟೀನು ಅಲ್ಲ. ಕೆಲವು ತಿಂಗಳಿಂದ ನನ್ನ ಕಾಲ್ಬೆರಳುಗಳಿಗೆ ಹತ್ತಿ ಸುತ್ತಿದ ಹಾಗಿದೆ. ಶುಗರ್ ಹೆಚ್ಚಾದರೆ ನರಗಳು ಮೊದಲು ತುದಿಯಿಂದ ಮಂಕಾಗುತ್ತವೆ ಎಂದು ನಾನೇ ಪಾಠ ಹೇಳಿದ್ದೇನೆ. ಉದ್ದನೆಯ ನಾರುಗಳಿಗೆ ಮೊದಲು ಪೆಟ್ಟು. ಅದಕ್ಕೆ ಎರಡು ದಿನ ಮೊದಲು ತರಕಾರಿ ಅಂಗಡಿಯಿಂದ ಬರುವಾಗ ಒಂದು ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ನಾಗುವಿಗೆ ಹೇಳಿರಲಿಲ್ಲ. ಅವಳು ಆ ಮಂಚವನ್ನು ಮತ್ತೆ ನೆನೆಯುವುದು ನನಗೆ ಬೇಕಿರಲಿಲ್ಲ.

"ಒಂಟಿ ಚಪ್ಲಿ ಯಾಕೆ ಬಾಗ್ಲಲ್ಲಿ ಬಿದ್ದದೆ ಅಂತ ನೋಡ್ತಾನೇ ಇವ್ನಿ," ಅಂದಳು. ಕೋಲು ಗೋಡೆಗೆ ಆನಿಸಿ, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ನಿಧಾನವಾಗಿ ಕೂತಳು. ಅವಳ ಕೈಯಲ್ಲಿ ಪೊರಕೆಯ ಕಡ್ಡಿ ಇತ್ತು. "ಕಾಲು ಕೊಡಿ ಇಲ್ಲಿ."

"ಬಿಡೇ ನಾಗು."

"ಕೊಡಿ ಅಂದ್ನಲ್ಲ. ಕಣ್ ಮುಚ್ಕಳಿ. ಕಳ್ಳಾಟ ಆಡ್ಬ್ಯಾಡಿ."

ಅವಳು ನನ್ನ ಪಾದವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಅವಳ ಅರೆಜೀವದ ಬೆರಳು, ನನ್ನ ಅರೆಜೀವದ ಕಾಲು. ನಾನು ಕಣ್ಣು ಮುಚ್ಚಿದೆ. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಯಿತು.

"ಗೊತ್ತಾಯ್ತಾ ಅಕ್ಕ?"

"ಹೂಂ," ಅಂದೆ.

ಅವಳು ನನ್ನ ಪಾದವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ನಾನಿನ್ನೂ ಕಡ್ಡಿ ಮುಟ್ಸೇ ಇಲ್ಲ ಕಣಕ್ಕ."